ವಿಷ ತಗುಲಿದ ಪೋಕೆಮಾನ್‌ಗೆ ನಿದ್ದೆಯೂ ಬಂದರೆ ವಿಷ ಹೋಗುತ್ತದೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಪೋಕೆಮಾನ್ ಕಾರ್ಡ್ ಆಟದಲ್ಲಿ ಯಾವ ಸ್ಪೆಷಲ್ ಕಂಡಿಷನ್ (ಪೋಕೆಮಾನ್‌ಗೆ ತಗುಲುವ ತೊಂದರೆ) ಯಾವುದರ ಜೊತೆ ಉಳಿಯುತ್ತದೆ ಅನ್ನುವುದು ಒಂದು. ಇವುಗಳನ್ನು ನಂಬಿ ಡೆಕ್ (ಆಟಕ್ಕೆ ಆಯ್ದುಕೊಳ್ಳುವ ಕಾರ್ಡ್‌ಗಳ ಕಟ್ಟು) ಕಟ್ಟಬಹುದೇ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ: ಇಲ್ಲ, ವಿಷ ಹೋಗುವುದಿಲ್ಲ. ಆಟದಲ್ಲಿರುವುದು ಐದೇ ಕಂಡಿಷನ್: ನಿದ್ದೆ, ಪಾರ್ಶ್ವವಾಯು, ಗೊಂದಲ, ವಿಷ, ಸುಟ್ಟಗಾಯ. ಬಾಯಿಪಾಠ ಮಾಡುವ ಬದಲು ಕಾರ್ಡನ್ನೇ ನೋಡಿ. ಮೊದಲ ಮೂರನ್ನು ಕಾರ್ಡ್ ತಿರುಗಿಸಿ ತೋರಿಸುತ್ತೇವೆ: ನಿದ್ದೆಗೆ ಎಡಕ್ಕೆ, ಪಾರ್ಶ್ವವಾಯುವಿಗೆ ಬಲಕ್ಕೆ, ಗೊಂದಲಕ್ಕೆ ತಲೆಕೆಳಗು. ಒಂದು ಕಾರ್ಡ್ ಒಂದೇ ಸಲ ಎರಡು ಕಡೆ ತಿರುಗಲಾರದು. ಹಾಗಾಗಿ ಈ ಮೂರರಲ್ಲಿ ಕೊನೆಗೆ ಬಂದದ್ದು ಮಾತ್ರ ಉಳಿಯುತ್ತದೆ. ವಿಷಕ್ಕೂ ಸುಟ್ಟಗಾಯಕ್ಕೂ ಮೇಲೆ ಮಾರ್ಕರ್ ಇಡುತ್ತೇವೆ. ಕಾರ್ಡ್ ಯಾವ ಕಡೆ ತಿರುಗಿದ್ದರೂ ಮಾರ್ಕರಿಗೆ ಅಡ್ಡಿಯಿಲ್ಲ. ಹಾಗಾಗಿ ಒಂದೇ ಪೋಕೆಮಾನ್ ವಿಷ, ಸುಟ್ಟಗಾಯ, ನಿದ್ದೆ ಮೂರನ್ನೂ ಹೊತ್ತು ಕೂತಿರಬಹುದು, ಪಾಪ. ಆದರೆ ವಿಷದ ಮೇಲೆ ವಿಷ ಬಿದ್ದರೆ ಎರಡಾಗುವುದಿಲ್ಲ, ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ.

ಇದನ್ನು ನಾನು ಕಲಿತದ್ದು ಸೋತು. ಎದುರಾಳಿಯ ದೊಡ್ಡ ಪೋಕೆಮಾನ್ ಒಂದನ್ನು ಮಲಗಿಸಿದ್ದೆ. ಅದರ ಮೇಲೆ ಗೊಂದಲ ತರುವ ಅಟ್ಯಾಕ್ ಒಂದನ್ನೂ ಹಾಕಿ, ಎರಡೆರಡು ಶಿಕ್ಷೆ ಕೊಟ್ಟೆ ಅಂತ ಬೀಗಿದೆ. ಎದುರಿದ್ದವನು ನಗುತ್ತಾ ಕಾರ್ಡನ್ನು ತಲೆಕೆಳಗು ಮಾಡಿದ. ನಿದ್ದೆಯಿಂದ ಎಬ್ಬಿಸಿದ್ದು ನಾನೇ! ಗೊಂದಲದಲ್ಲಿರುವ ಪೋಕೆಮಾನ್ ಎನರ್ಜಿ ಕಾರ್ಡ್ ತೆತ್ತು ರಿಟ್ರೀಟ್ ಮಾಡಬಹುದು, ಅಂದರೆ ಬೆಂಚಿಗೆ (ಹಿಂದೆ ಕಾಯುವ ಪೋಕೆಮಾನ್‌ಗಳ ಸಾಲಿಗೆ) ಸರಿಯಬಹುದು, ಅವನು ಮಾಡಿದ ಕೂಡ. ಅಟ್ಯಾಕನ್ನೂ ಮಾಡಬಹುದಿತ್ತು, ಆಗ ನಾಣ್ಯ ಚಿಮ್ಮಬೇಕು, ಟೇಲ್ಸ್ ಬಿದ್ದರೆ ಅಟ್ಯಾಕ್ ವ್ಯರ್ಥವಾಗಿ ತನ್ನ ಮೇಲೆಯೇ 3 ಡ್ಯಾಮೇಜ್ ಕೌಂಟರ್ (ಒಂದಕ್ಕೆ 10 ಡ್ಯಾಮೇಜ್) ಬೀಳುತ್ತವೆ.

ಈಗ ಬೆಂಚಿನ ವಿಷಯ. ಕಂಡಿಷನ್ ತಗುಲುವುದು ಆಕ್ಟಿವ್ ಜಾಗದಲ್ಲಿರುವ, ಅಂದರೆ ಮುಂದೆ ನಿಂತು ಆಡುತ್ತಿರುವ ಪೋಕೆಮಾನ್‌ಗೆ ಮಾತ್ರ. ಬೆಂಚಿಗೆ ಹೋದ ಕ್ಷಣ ಐದೂ ಮಾಯ, ಬಿದ್ದಿರುವ ಕೌಂಟರ್‌ಗಳು ಮಾತ್ರ ಹಾಗೇ ಇರುತ್ತವೆ. ಎವಾಲ್ವ್ ಆದರೂ (ಮುಂದಿನ ರೂಪಕ್ಕೆ ಬೆಳೆದರೂ) ಅಷ್ಟೇ. ನಿದ್ದೆ ಮತ್ತು ಪಾರ್ಶ್ವವಾಯು ತಡೆಯುವುದು ಅಟ್ಯಾಕನ್ನೂ ರಿಟ್ರೀಟನ್ನೂ. ಮುಂದಿನ ಪೋಕೆಮಾನನ್ನು ಬೆಂಚಿನದರ ಜೊತೆ ಬದಲಿಸುವ ಸ್ವಿಚ್ ಕಾರ್ಡ್ ಆಡುವುದು ರಿಟ್ರೀಟ್ ಅಲ್ಲವಾದ್ದರಿಂದ ಅದಕ್ಕೆ ತಡೆಯಿಲ್ಲ. ಇದರ ತಿರುವುಮುರುವು ಹಲವರಿಗೆ ಹೊಳೆಯುವುದಿಲ್ಲ: ವಿಷ ಹಾಕಿದ ಮೇಲೆ ನೀವೇ ಬಾಸಸ್ ಆರ್ಡರ್ಸ್ ಕಾರ್ಡ್ ಆಡಿ ಎದುರಾಳಿಯ ಬೆಂಚಿನಿಂದ ಬೇರೊಂದನ್ನು ಮುಂದೆ ಎಳೆದರೆ, ಹಿಂದೆ ಸರಿದದ್ದು ನಿಮ್ಮ ಖರ್ಚಿನಲ್ಲೇ ಗುಣವಾಗುತ್ತದೆ.

ಇನ್ನು ಲಾಭದ ಲೆಕ್ಕ. ಪ್ರತಿ ಸರದಿ ಮುಗಿದಾಗಲೂ ಚೆಕಪ್ (ಕಂಡಿಷನ್‌ಗಳ ಪರಿಣಾಮ ನೋಡುವ ಹಂತ) ಇರುತ್ತದೆ, ನಿಮ್ಮ ಸರದಿಯ ನಂತರವೂ ಎದುರಾಳಿಯ ಸರದಿಯ ನಂತರವೂ. ವಿಷಕ್ಕೆ ಪ್ರತಿ ಚೆಕಪ್‌ನಲ್ಲಿ 1 ಕೌಂಟರ್, ಅಂದರೆ ಒಂದು ಸುತ್ತಿಗೆ 20. ಸುಟ್ಟಗಾಯಕ್ಕೆ 2 ಕೌಂಟರ್ ಇಟ್ಟು ಆಮೇಲೆ ನಾಣ್ಯ. ಹೆಡ್ಸ್ ಬಿದ್ದರೆ ಗುಣ. ಯಾರೂ ಮುಟ್ಟದೆ ಬಿಟ್ಟರೆ ಸುಟ್ಟಗಾಯದಿಂದ ಸರಾಸರಿ 40 ಬರುತ್ತದೆ. ವಿಷ ಅಷ್ಟಕ್ಕೆ ಎರಡು ಸುತ್ತು ತೆಗೆದುಕೊಂಡರೂ ತಾನಾಗಿ ನಿಲ್ಲುವುದಿಲ್ಲ.

ನಿದ್ದೆಯದು ತಮಾಷೆಯ ಲೆಕ್ಕ. ನೀವು ಮಲಗಿಸಿದ ಬೆನ್ನಿಗೇ ಚೆಕಪ್ ಬಂದು, ಎದ್ದೇಳಲು ನಾಣ್ಯ ಚಿಮ್ಮುವುದರಿಂದ ಅರ್ಧದಷ್ಟು ಸಲ ಅದು ತನ್ನ ಸರದಿಗೆ ಮೊದಲೇ ಎದ್ದುಬಿಡುತ್ತದೆ. ಏಳದಿದ್ದರೆ ಒಂದು ಸರದಿ ಹೋಯಿತು, ಮುಂದಿನ ಸರದಿಯೊಳಗೆ ಮತ್ತೆರಡು ನಾಣ್ಯ. ಕೂಡಿಸಿ ನೋಡಿದರೆ ಸರಾಸರಿ ಒಂದು ಸರದಿಯ ಮೂರರಲ್ಲಿ ಎರಡು ಭಾಗದಷ್ಟು ನಷ್ಟ. ಪಾರ್ಶ್ವವಾಯುವಿನಿಂದ ಖಚಿತವಾಗಿ ಒಂದು ಸರದಿ ಹೋಗುತ್ತದೆ, ಆ ಸರದಿ ಮುಗಿದ ಚೆಕಪ್‌ನಲ್ಲಿ ತಾನೇ ಗುಣವಾಗುತ್ತದೆ. ಆದರೆ ಅದನ್ನು ತಗುಲಿಸುವ ಅಟ್ಯಾಕ್‌ಗಳು ಹೆಚ್ಚಾಗಿ ನಾಣ್ಯ ಕೇಳುತ್ತವೆ, ಅಲ್ಲಿಗೆ ಸರಾಸರಿ ಅರ್ಧ ಸರದಿ. ನಾಣ್ಯವಿಲ್ಲದೆ ಮಲಗಿಸುವ ಕಾರ್ಡೇ ಮೇಲು ಅಂದರೆ ನಂಬುವವರು ಕಡಿಮೆ, ಆದರೆ ಲೆಕ್ಕ ಹಾಗೇ ಇದೆ.

ಇಷ್ಟಾದರೂ ಬರೀ ಕಂಡಿಷನ್ ನಂಬಿ ಡೆಕ್ ಕಟ್ಟಬೇಡಿ ಅಂತಲೇ ನಾನು ಹೇಳುವುದು. ಈ ಲೆಕ್ಕವನ್ನೆಲ್ಲ ಒಂದು ಸ್ವಿಚ್ ಕಾರ್ಡ್ ಅಳಿಸಿಹಾಕುತ್ತದೆ. ನಿಜವಾಗಿ ಗೆಲ್ಲಿಸಿದ ಉದಾಹರಣೆ ನೋಡಿ: 2013ರ ಪ್ಲಾಸ್ಮಾ ಸ್ಟಾರ್ಮ್ ಸೆಟ್‌ನ ಹಿಪ್ನೋಟಾಕ್ಸಿಕ್ ಲೇಸರ್. ಅದು ಐಟಮ್ ಕಾರ್ಡ್, ಆದ್ದರಿಂದ ಅಟ್ಯಾಕ್ ಖರ್ಚಾಗುತ್ತಿರಲಿಲ್ಲ. ವಿಷ ಖಚಿತ, ಹೆಡ್ಸ್ ಬಿದ್ದರೆ ನಿದ್ದೆಯೂ ಜೊತೆಗೆ. ವಿರ್‌ಬ್ಯಾಂಕ್ ಸಿಟಿ ಜಿಮ್ ಎಂಬ ಸ್ಟೇಡಿಯಂ ವಿಷಕ್ಕೆ ಇನ್ನೂ 2 ಕೌಂಟರ್ ಸೇರಿಸುತ್ತಿತ್ತು. ಅಂದರೆ ಒಂದು ಚೆಕಪ್‌ಗೆ 30. ನಾಕೌಟ್ ಮಾಡಲು ಮಾಮೂಲಿ ಅಟ್ಯಾಕ್ 30ರಷ್ಟು ಕಡಿಮೆ ಬೀಳುತ್ತಿದ್ದ ಪೋಕೆಮಾನ್ ಎದುರಾಳಿಯ ಸರದಿ ಶುರುವಾಗುವ ಮೊದಲೇ ನಾಕೌಟ್. ಸ್ವಿಚ್ ಕೈಯಲ್ಲಿದ್ದರೂ ಆಡಲು ಅವನಿಗೆ ಸಮಯವೇ ಸಿಗುತ್ತಿರಲಿಲ್ಲ.

ನಿಮ್ಮ ಡೆಕ್‌ನಲ್ಲಿ ವಿಷದ ಕಾರ್ಡ್ ಇಡುವುದಾದರೆ ಇದನ್ನೇ ಕೇಳಿಕೊಳ್ಳಿ: ನನ್ನ ಮುಖ್ಯ ಅಟ್ಯಾಕ್ ಎಷ್ಟರಲ್ಲಿ ಕಡಿಮೆ ಬೀಳುತ್ತಿದೆ? 10 ಅಥವಾ 20 ಅಂತಾದರೆ ಇಡಿ. 80 ಕಡಿಮೆ ಬೀಳುತ್ತಿದ್ದರೆ ಆ ಜಾಗಕ್ಕೆ ಒಳ್ಳೆಯ ಡ್ರಾ ಕಾರ್ಡ್ (ಡೆಕ್‌ನಿಂದ ಹೆಚ್ಚು ಕಾರ್ಡ್ ಎಳೆಯಲು ಬಿಡುವುದು) ಹಾಕಿಕೊಳ್ಳಿ.