ತೊಳೆದರೆ ನೀಲಿಯೇ ಹೋಗುತ್ತಿದೆಯಾ?

ತೀರ್ಥಹಳ್ಳಿಯ ಮಳೆಗಾಲದಲ್ಲಿ ಸಯನೋಟೈಪ್ (ಕೆಮಿಕಲ್ ಹಚ್ಚಿದ ಹಾಳೆಯ ಮೇಲೆ ಎಲೆಯಂಥದ್ದು ಇಟ್ಟು, ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದು ಮೂಡಿಸುವ ನೀಲಿ ಚಿತ್ರ) ಮಾಡಿದರೆ ನೀಲಿಯೆಲ್ಲ ನೀರಲ್ಲಿ ಹೋಗುತ್ತದೆ, ಕೆಮಿಕಲ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಬೆಳಕು ಸಾಲುತ್ತಿಲ್ಲ, ಅಷ್ಟೇ.

ಬೇಸಿಗೆಯಲ್ಲಿ ಹತ್ತು ನಿಮಿಷ ಬಿಸಿಲಿಗಿಡುವ ಲೆಕ್ಕ ಆಷಾಢದ ಮೋಡಕ್ಕೆ ನಡೆಯುವುದಿಲ್ಲ. ಗಡಿಯಾರ ಬಿಡಿ, ಬಣ್ಣ ನೋಡಿ. ಹಳದಿ ಹಸಿರಿನ ಲೇಪ ಮೊದಲು ನೀಲಿಯಾಗಿ, ಆಮೇಲೆ ಬೂದುಗಂಚಿನ ಬಣ್ಣಕ್ಕೆ ತಿರುಗಬೇಕು. ಗಂಟೆ ಹಿಡಿದರೂ ಸರಿ, ಕಾಯಿರಿ. ಸಾಗರದಲ್ಲಿ ಮಕ್ಕಳಿಗೆ ಕಲಿಸುವಾಗ ಜರಿಗಿಡದ ಎಲೆ ಇಟ್ಟು, ಅವಸರ ಮಾಡಿ ಆರು ಹಾಳೆ ಕೆಡಿಸಿದ್ದೇನೆ. (1843ರಲ್ಲೇ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ ಇದೇ ವಿಧಾನದಲ್ಲಿ ಪಾಚಿಗಳ ಪುಸ್ತಕ ಮಾಡಿದವರು, ಅದೂ ಇಂಗ್ಲೆಂಡಿನ ಬಿಸಿಲಲ್ಲಿ!)

ಮಿಶ್ರಣ ಹಳೆಯದೇ ಸಾಕು: 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100ಕ್ಕೆ 10 ಗ್ರಾಂ ಪೊಟ್ಯಾಶಿಯಂ ಫೆರಿಸಯನೈಡ್. ಹಚ್ಚುವ ಮುಂಚೆ ಸಮಸಮ ಬೆರೆಸಿ.

ಎಲೆಯ ಅಡಿಯಲ್ಲಿ ಬಿಳಿಯಾಗಿ ಉಳಿಯಬೇಕಾದ ಜಾಗವೂ ನೀಲಿಯಾಗುತ್ತಿದ್ದರೆ ಅದು ಥಂಡಿಯ ಕಾಟ. ಹಚ್ಚಿದ ಹಾಳೆಯನ್ನು ಕತ್ತಲೆ ಕೋಣೆಯಲ್ಲಿ ಫ್ಯಾನ್ ಹಾಕಿ ಒಣಗಿಸಿ, ಅವತ್ತೇ ಬಳಸಿ. ನಾಳೆಗೆ ಇಟ್ಟರೆ ನಮ್ಮೂರ ಹಪ್ಪಳದ ಗತಿಯೇ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಮೊದಲ ಸಲ ತೊಳೆಯುವ ನೀರಿಗೆ ಸ್ವಲ್ಪ ವಿನಿಗರ್ ಹಾಕಿ. ಸೋಪಿನ ನೀರು ಮಾತ್ರ ತಾಗಿಸಬೇಡಿ, ಆ ನೀಲಿ ಬಿಳಿಚಿಕೊಳ್ಳುತ್ತದೆ.