ಅಬ್ಬೆ ಬಂದಳೋ, ಬಂತೋ?

ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ನಿಮ್ಮ ಬಾಲ್ಯದ ಊಟದ ಬಗ್ಗೆ ಬರೆದು ಕಳಿಸಿದ ಪ್ರಬಂಧ ಓದಿದೆ. ಚೆನ್ನಾಗಿದೆ. ಅಕ್ಷರ ತಪ್ಪು ಕಡಿಮೆ. ಹಲಸಿನ ಹಪ್ಪಳಕ್ಕೆ ಅಣ್ಣ ತಮ್ಮ ಕಿತ್ತಾಡುವ ಸಾಲಿಗೆ ನಕ್ಕೆ.

ಆದರೆ ನಿಮ್ಮ ಅಜ್ಜಿ ಮೇಲೆ ನನಗೆ ಸಿಟ್ಟು ಬಂತು. ಅಲ್ಲ, ನೀವು ಬರೆದ ಅಜ್ಜಿ ಮೇಲೆ. "ಮಗು, ಊಟಕ್ಕೆ ಬಾ, ಅನ್ನ ಆರುತ್ತಿದೆ" ಅಂತಾರೆ ಅವರು. ಇದು ಪಾಠಪುಸ್ತಕದ ಅಜ್ಜಿ. ನಮ್ಮ ಹವ್ಯಕರ ಅಡುಗೆಮನೆಯಿಂದ ಬರುವ ಕೂಗು "ಮಾಣೀ, ಉಂಬಲೆ ಬಾ", ಅಲ್ವಾ? ಎರಡು ಸಾಲು ಕೆಳಗೆ "ನಿನ್ನ ಅಬ್ಬೆ ಈಗ ಬಂದಳು" ಅಂತಾರೆ. ಬಂದಳೇ? ನಮ್ಮ ಮನೆಮಾತಿನಲ್ಲಿ ಹೆತ್ತ ತಾಯಿಯೇ ಇರಲಿ, ಹೆಂಗಸರಿಗೆ 'ಅದು'. ಅಬ್ಬೆ ಬಂತು, ಅಜ್ಜಿ ಬಂತು. ಘಟ್ಟದ ಮೇಲಿನವರು ಅಗೌರವ ಅಂದುಕೊಂಡಾರು ಅಂತ ಹೆದರಿದಿರಾ? ಅಂದುಕೊಳ್ಳಲಿ ಬಿಡಿ. ತೋಟದ ಕೆಲಸದವರ ಬಾಯಲ್ಲಿ ತುಳು ಇಲ್ಲ, ಅಂಗಡಿಯವರ ಬಾಯಲ್ಲಿ ಒಂದು ಮಲಯಾಳ ಶಬ್ದ ಇಲ್ಲ. ಎಲ್ಲರೂ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಮಾತಾಡುತ್ತಾರೆ.

ಇನ್ನು ಆ ಬ್ರ್ಯಾಕೆಟ್. 'ಹೆಜ್ಜೆ (ಗಂಜಿ)', 'ಅಶನ (ಅನ್ನ)', 'ಕೊದಿಲು (ಸಾಂಬಾರು)'. ತುತ್ತಿಗೊಂದು ಕಲ್ಲು. ಹೆಜ್ಜೆ ಅಂದರೆ ಕಾಲಿನದು ಅಂದುಕೊಳ್ಳುತ್ತಾರೆ ಅನ್ನುವ ಭಯ ನಿಮಗೆ. ಕುಚ್ಚಲಕ್ಕಿ ಹೆಜ್ಜೆಗೆ ಉಪ್ಪು ಹಾಕಿ, ಮಾವಿನ ಮಿಡಿ ಕಚ್ಚಿಸಿ, ಆ ಹುಡುಗನಿಂದ ಸುರ್ರೆಂದು ಉಣ್ಣಿಸಿ ನೋಡಿ. ಆಮೇಲೆ ಯಾರಿಗೂ ಕಾಲು ನೆನಪಾಗುವುದಿಲ್ಲ.

ನಾನೇನು ಸಾಚಾ ಅಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಕಾಸರಗೋಡಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ. ಹಿರಿಯರೊಬ್ಬರ ಕತೆಯಲ್ಲಿ "ಅಬ್ಬೆ ಬಂತು" ಅಂತ ಏಳು ಕಡೆ ಇತ್ತು. ಏಳನ್ನೂ "ಬಂದಳು" ಮಾಡಿದೆ. ನಾನೂ ಹವ್ಯಕರ ಮನೆಯವನೇ! ಆದರೆ ಸಂಬಳ ಕೊಡುವವರಿಗೆ ನನ್ನ ಕನ್ನಡ ಶುದ್ಧ ಅಂತ ಕಾಣಬೇಕಿತ್ತು. ಕತೆ ಅಚ್ಚಾದ ಮೇಲೆ ಆ ಹಿರಿಯರು ಪ್ರೆಸ್ಸಿಗೆ ಬಂದರು. ಬೈಯಲಿಲ್ಲ. ನನ್ನ ಮೇಜಿನ ಹತ್ತಿರ ನಿಂತು, "ನಿನ್ನ ಅಬ್ಬೆ ಸೌಖ್ಯವೋ?" ಅಂತ ಕೇಳಿದರು.

"ಸೌಖ್ಯ. ನಿನ್ನೆ ಪೇಟೆಗೆ ಬಂದಿತ್ತು" ಅಂದೆ.

ಅವರು ಕೊಡೆ ತೆಗೆದುಕೊಂಡು ಹೋದರು.

ಹಾಂ, ಇನ್ನೊಂದು. ಮೊದಲ ಪ್ಯಾರಾದಲ್ಲಿ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಬರೆದಿದ್ದೀರಿ. ಹಸಿದ ಮಾಣಿಗೆ ಅದು ಯಾಕೆ? ತೆಗೆಯಿರಿ. ತಿದ್ದಿ ಮತ್ತೆ ಕಳಿಸಿ. ಹಪ್ಪಳದ ಸಾಲು ಮಾತ್ರ ಮುಟ್ಟಬೇಡಿ.