ಹಿಮೋಫೀಲಿಯಾ ಇರುವವರು 200 ಕಿ.ಮೀ. ಸೈಕಲ್ ತುಳಿಯಬಹುದೇ?

ಪ್ರಶ್ನೆ: ನನಗೆ 26 ವರ್ಷ, ಊರು ಗಂಗಾವತಿ. ಹುಟ್ಟಿನಿಂದ ತೀವ್ರ ಹಿಮೋಫೀಲಿಯಾ ಎ ಇದೆ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಉಳಿದವರ ಚಪ್ಪಲಿ ಕಾಯುವುದೇ ನನ್ನ ಕೆಲಸವಾಗಿತ್ತು. ಈಗ ಬೆಳಗ್ಗೆ ಆನೆಗೊಂದಿ, ಸಾಣಾಪುರದ ಕಡೆ ಸೈಕಲ್ ತುಳಿಯುತ್ತೇನೆ. ಬದುಕಿಗೆ ಒಂದು ಅರ್ಥ ಸಿಕ್ಕಿದ್ದೇ ಅದರಿಂದ. 200 ಕಿ.ಮೀ. ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಹೆಸರು ಕೊಡುತ್ತೇನೆಂದರೆ ಅವ್ವ ಮಾತು ಬಿಟ್ಟಿದ್ದಾಳೆ. ಎಡ ಮೊಣಕಾಲು ಆಗಾಗ ಬಾತುಕೊಳ್ಳುತ್ತದೆ. ಏನು ಮಾಡಲಿ?

ಉತ್ತರ: ತುಳಿಯಬಹುದು, ಆದರೆ ಈ ಮೊಣಕಾಲಿನಲ್ಲಿ ಈಗಲೇ ಬೇಡ. ನೀವು ಕೊನೆಗೆ ಬರೆದ ಸಾಲೇ ನನ್ನ ಕಣ್ಣಿಗೆ ಮೊದಲು ಬಿತ್ತು. ಒಂದೇ ಕೀಲಿನೊಳಗೆ ಪದೇ ಪದೇ ರಕ್ತ ಸೋರಿದರೆ ಅದರ ಒಳಪೊರೆ ದಪ್ಪಗಾಗುತ್ತದೆ, ಅಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ, ಅವು ಇನ್ನೂ ಸುಲಭವಾಗಿ ಸೋರುತ್ತವೆ. ಕಡೆಗೆ ಮೃದ್ವಸ್ಥಿ ಸವೆಯುತ್ತದೆ. ಮೊದಲು ರಕ್ತರೋಗ ತಜ್ಞರಿಗೆ ತೋರಿಸಿ, ಕೀಲಿನ ಅಲ್ಟ್ರಾಸೌಂಡ್ ಮಾಡಿಸಿ. ಚುಚ್ಚಿಕೊಳ್ಳುವ ಫ್ಯಾಕ್ಟರ್ ಕೆಲಸ ಮಾಡದಂತೆ ದೇಹವೇ ತಡೆಯುತ್ತಿದೆಯೇ ಎಂದು ನೋಡುವ ಇನ್‌ಹಿಬಿಟರ್ ಪರೀಕ್ಷೆಯೂ ಆಗಲಿ.

ಇನ್ನು ಲೆಕ್ಕ. 200 ಕಿ.ಮೀ. ಬ್ರೆವೆಗೆ 13 ಗಂಟೆ 30 ನಿಮಿಷ ಸಮಯವಿದೆ. ರಕ್ತ ಹೆಪ್ಪುಗಟ್ಟಿಸುವ, ನಿಮ್ಮಲ್ಲಿ ಕೊರತೆಯಿರುವ ಪ್ರೋಟೀನ್ ಫ್ಯಾಕ್ಟರ್ 8. ಚುಚ್ಚಿಕೊಂಡ ಸಾಮಾನ್ಯ ಫ್ಯಾಕ್ಟರ್ 8 ಸುಮಾರು 8ರಿಂದ 12 ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಿಂದಿನ ರಾತ್ರಿಯೇ ಚುಚ್ಚಿಕೊಂಡು ಹೊರಟರೆ, ಕಾಲು ಸೋತು ಬೀಳುವ ಸಾಧ್ಯತೆ ಹೆಚ್ಚಿರುವ ಸಂಜೆಯ ಹೊತ್ತಿಗೆ ರಕ್ಷಣೆ ತೀರಾ ಕಡಿಮೆ ಇರುತ್ತದೆ. ಪ್ರಮಾಣ, ಸಮಯ ಎರಡನ್ನೂ ವೈದ್ಯರೊಂದಿಗೆ ಕೂತು ಗೊತ್ತುಮಾಡಿ. ಫ್ಯಾಕ್ಟರ್ 8ರ ಕೆಲಸವನ್ನು ಮಾಡುವ ಎಮಿಸಿಜುಮ್ಯಾಬ್ ಎಂಬ ಔಷಧ ತೆಗೆದುಕೊಳ್ಳುವವರಿಗೆ ಈ ಏರಿಳಿತ ಇಲ್ಲ, ಆದರೂ ಪೆಟ್ಟು ಬಿದ್ದರೆ ಫ್ಯಾಕ್ಟರ್ ಬೇಕಾಗಬಹುದು.

ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ಪ್ಯಾರಸಿಟಮಾಲ್ ಸಾಕು. ದಾರಿಯ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಕೊಡಲು ಬಂದರೆ ಬೇಡವೆನ್ನಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಇಲ್ಲ. ತಲೆಗೆ ಪೆಟ್ಟಾದರೆ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲನ್ನು ಬಿಟ್ಟುಬಿಡಿ. ಭತ್ತದ ಕಟಾವಿನ ದಿನಗಳಲ್ಲಿ ಕಾಲುವೆ ರಸ್ತೆಯ ಟ್ರ್ಯಾಕ್ಟರುಗಳ ನಡುವೆ ನಸುಕಿನಲ್ಲಿ ತುಳಿಯುವುದೂ ಬೇಡ.

ಬ್ರಿಟನ್ನಿನ ಸೈಕಲ್ ಪಟು ಅಲೆಕ್ಸ್ ಡೌಸೆಟ್ ಹೆಸರು ಕೇಳಿರಬಹುದು. ಅವರಿಗೂ ತೀವ್ರ ಹಿಮೋಫೀಲಿಯಾ ಎ. 2015ರಲ್ಲಿ ಒಂದು ಗಂಟೆಯಲ್ಲಿ 52.937 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದರು. ಅದರ ಹಿಂದೆ ತಪ್ಪದೆ ತೆಗೆದುಕೊಂಡ ಫ್ಯಾಕ್ಟರ್ ಇತ್ತು. ಪತ್ರಿಕೆಗಳು ಛಲದ ಕಥೆ ಹೇಳುವಾಗ ಸೂಜಿಯ ಕಥೆ ಬಿಟ್ಟುಬಿಡುತ್ತವೆ, ನನಗದು ಸರಿ ಕಾಣುವುದಿಲ್ಲ.

ಸೈಕಲ್ಲಿನಲ್ಲಿ ಅರ್ಥ ಸಿಕ್ಕಿದ್ದು ಸಂತೋಷ. ಆದರೆ ಅದನ್ನೆಲ್ಲ ಬ್ರೆವೆಯ ಪದಕಕ್ಕೆ ಕಟ್ಟಿಹಾಕಿದರೆ, ಕೀಲು ಜುಮ್ಮೆಂದು ಬಿಸಿಯಾದ ದಿನವೂ "ಏನಿಲ್ಲ" ಎಂದು ಹೊರಡುತ್ತೀರಿ. ಕ್ರೀಡೆ ಹಚ್ಚಿಕೊಂಡ ರೋಗಿಗಳು ರಕ್ತಸ್ರಾವ ಮುಚ್ಚಿಡುವುದನ್ನು ನಾನು ಕಂಡಿದ್ದೇನೆ. ಅದನ್ನು ಧೈರ್ಯ ಎಂದು ಒಪ್ಪಲಾರೆ. ಜುಮ್ಮೆಂದ ಕೂಡಲೇ ಇಳಿದು ಫ್ಯಾಕ್ಟರ್ ತೆಗೆದುಕೊಂಡು ವಾರಗಟ್ಟಲೆ ಸೈಕಲ್ ಮುಟ್ಟದೆ ಇರುವುದೂ ನಿಮ್ಮ ಮಟ್ಟಿಗೆ ತರಬೇತಿಯೇ.

ಅವ್ವನ ವಿಷಯ. ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಮಗನಿಗೆ ಅದು ತಾಯಿಯಿಂದ ಬರುತ್ತದೆ. ಸುಮಾರು ಮೂರನೇ ಒಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ಬದಲಾವಣೆ ಹೊಸದಾಗಿ ಆಗಿರಬಹುದು. ಆದರೂ ಎಷ್ಟೋ ತಾಯಂದಿರು "ನನ್ನಿಂದಲೇ ಆಯ್ತು" ಎಂದು ಒಳಗೇ ಕೊರಗುತ್ತಾರೆ. ನಿಮ್ಮ ಅವ್ವನ ಮೌನದಲ್ಲಿ ಅದೂ ಇರಬಹುದು. ಮುಂದಿನ ತಪಾಸಣೆಗೆ ಅವರನ್ನೂ ಕರೆದೊಯ್ಯಿರಿ, ಪ್ರಶ್ನೆಗಳನ್ನು ಅವರೇ ಕೇಳಲಿ. ಮೊಣಕಾಲು ಆರು ತಿಂಗಳು ಬಾತುಕೊಳ್ಳದೆ ಇದ್ದರೆ, ವೈದ್ಯರೂ ಒಪ್ಪಿದರೆ, 100 ಕಿ.ಮೀ.ಗೆ ಹೊರಡಿ. 200ರ ಮಾತು ಆಮೇಲೆ.